ತೂಕ ಕೇಳ್ತೀವಿ, ಅಳತೆ ಕೇಳಲ್ಲ

ಭಾನುವಾರ ಬೆಳಗ್ಗೆ ಆರೂವರೆಗೆ ನಂದಿಬೆಟ್ಟದ ಕಡೆ ಹೋಗೋ ರಸ್ತೆಯ ಟೀ ಅಂಗಡಿಗಳ ಮುಂದೆ ಸಾಲಾಗಿ ನಿಂತ ಸೈಕಲ್ಲುಗಳನ್ನ ನೋಡಿದ್ದೀರಾ? ಒಂದೊಂದಕ್ಕೂ ಎರಡು ಲಕ್ಷ, ನಾಲ್ಕು ಲಕ್ಷ, ಕೆಲವಕ್ಕೆ ಅದಕ್ಕೂ ಮೇಲೆ. ಯಾರಾದ್ರೂ ಹೊಸ ಸೈಕಲ್ ತಂದ್ರೆ ಅಲ್ಲಿ ನಡೆಯೋ ಶಾಸ್ತ್ರ ಒಂದೇ. ಒಬ್ಬೊಬ್ಬರಾಗಿ ಬಂದು ಅದನ್ನ ಒಂದು ಕೈಯಲ್ಲಿ ಎತ್ತೋದು, ಹುಬ್ಬೇರಿಸೋದು, "ಎಷ್ಟು ಕೆಜಿ ಗುರೂ?" ಅಂತ ಕೇಳೋದು. ಏಳೂಕಾಲು ಅಂದ್ರೆ ಗೌರವ, ಒಂಬತ್ತು ಅಂದ್ರೆ ಸ್ವಲ್ಪ ಕನಿಕರ. ಇದರ ಅಳತೆ ಎಷ್ಟು, ನಿನ್ನ ಮೈಗೆ ಹೊಂದುತ್ತಾ, ಕಳೆದ ಸಲ ಬಿದ್ದಾಗ ಯಾರಿಗಾದ್ರೂ ತೋರಿಸಿದ್ಯಾ ಅಂತ ಕೇಳಿದವರನ್ನ ನಾನು ಕಂಡಿದ್ದು ತೀರಾ ಕಡಿಮೆ.

ಆದ್ರೆ ರೋಡ್ ಸೈಕಲ್ಲಿನ ಇತಿಹಾಸ ತೆಗೆದು ಓದಿದ್ರೆ, ತೂಕ ಅನ್ನೋದು ಬಹಳ ಈಚೆಗೆ ಬಂದ ಪ್ರಶ್ನೆ. ಅಳತೆ ಮತ್ತು ಸುರಕ್ಷತೆ ಇವೆರಡೂ ಸೈಕಲ್ ಹುಟ್ಟಿದಾಗಿನಿಂದ ಅದರ ಜೊತೆಗೇ ಇರೋ ಪ್ರಶ್ನೆಗಳು. ನನಗೆ ಕಂಡ ಹಾಗೆ, ಫ್ರೇಮಿನ ವಸ್ತು ಉತ್ತಮವಾಗ್ತಾ ಹೋದ ಹಾಗೆಲ್ಲ ಒಂದು ಕೆಲಸ ಸದ್ದಿಲ್ಲದೆ ಸೈಕಲ್ಲಿನಿಂದ ಸವಾರನ ಹೆಗಲಿಗೆ ದಾಟಿಕೊಂಡು ಬಂದಿದೆ. ಅದು "ಹುಷಾರು" ಅಂತ ಹೇಳೋ ಕೆಲಸ. ಮೊದಲು ಅದನ್ನ ಸೈಕಲ್ಲೇ ಹೇಳ್ತಿತ್ತು. ಈಗ ನಾವೇ ಹೋಗಿ ಕೇಳಬೇಕು. ಅದು ಹೇಗಾಯ್ತು ಅಂತ ನೋಡೋಣ.

1870ರ ದಶಕಕ್ಕೆ ಹೋಗೋಣ. ಇಂಗ್ಲೆಂಡಿನ ಪೆನ್ನಿ ಫಾರ್ದಿಂಗ್ ಚಿತ್ರ ನೋಡಿರ್ತೀರಿ, ಮುಂದೆ ಆಳುದ್ದದ ಚಕ್ರ, ಹಿಂದೆ ಪುಟಾಣಿ ಚಕ್ರ. ಅದರಲ್ಲಿ ಚೈನ್ ಇರಲಿಲ್ಲ, ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಜೋಡಣೆ. ಚಕ್ರ ದೊಡ್ಡದಾದಷ್ಟೂ ಒಂದು ತುಳಿತಕ್ಕೆ ಹೆಚ್ಚು ದೂರ ಸಿಗ್ತಿತ್ತು. ಹಾಗಾದ್ರೆ ಎಷ್ಟು ದೊಡ್ಡ ಚಕ್ರ ಕೊಳ್ಳಬೇಕು? ನಿಮ್ಮ ಕಾಲು ಎಷ್ಟು ಉದ್ದವೋ ಅಷ್ಟು. ಅಂಗಡಿಗೆ ಹೋದವನು ಮೊದಲು ಕಾಲು ಅಳೆಸಿಕೊಳ್ಳಬೇಕಿತ್ತು. ಉದ್ದ ಕಾಲಿನವನಿಗೆ ಹುಟ್ಟಿನಿಂದಲೇ ಹೆಚ್ಚು ವೇಗ, ಕುಳ್ಳಗಿನವನಿಗೆ ಬೇರೆ ದಾರಿ ಇರಲಿಲ್ಲ. ಅಪಾಯವೂ ಅದೇ ಎತ್ತರದಿಂದಲೇ ಬರ್ತಿತ್ತು. ದಾರಿಯಲ್ಲಿ ಒಂದು ಕಲ್ಲು ಸಿಕ್ಕಿದ್ರೆ ಸವಾರ ಹ್ಯಾಂಡಲ್ ದಾಟಿಕೊಂಡು ತಲೆ ಮುಂದಾಗಿ ಬೀಳ್ತಿದ್ದ.

1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲು ಈ ಗಂಟನ್ನ ಬಿಡಿಸಿತು. ಹೆಚ್ಚುಕಡಿಮೆ ಸಮ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಅದನ್ನ ಕರೆದದ್ದು ಏನಂತ ಗೊತ್ತಾ? ಸೇಫ್ಟಿ ಬೈಸಿಕಲ್. ಅಂದ್ರೆ ಇವತ್ತು ನಾವು ತುಳಿಯೋ ಪ್ರತಿ ಸೈಕಲ್ಲಿನ ಮೂಲ ಹೆಸರಲ್ಲೇ ಸುರಕ್ಷತೆ ಅನ್ನೋ ಮಾತಿದೆ. ಚೈನು ಬಂದ ಮೇಲೆ ಕಾಲಿನ ಉದ್ದಕ್ಕೂ ಚಕ್ರದ ಗಾತ್ರಕ್ಕೂ ಇದ್ದ ಸಂಬಂಧ ಕಡಿದುಹೋಯ್ತು. ಅಳತೆಯ ಪ್ರಶ್ನೆ ಚಕ್ರ ಬಿಟ್ಟು ಫ್ರೇಮಿಗೆ ಬಂತು. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಎರಡು ತ್ರಿಕೋನ ಜೋಡಿಸಿದ ವಜ್ರಾಕೃತಿಯ ಉಕ್ಕಿನ ಫ್ರೇಮು ಗಟ್ಟಿಯಾಗಿ ನೆಲೆ ನಿಂತಿತು.

ನಮ್ಮ ಹಳ್ಳಿಗಳಿಗೆ ಬಂದಿದ್ದು ಇದೇ ವಂಶದ ಸೈಕಲ್ಲು. ನಮ್ಮಪ್ಪನದ್ದು 22 ಇಂಚಿನ ಕಪ್ಪು ಸೈಕಲ್ಲು. ಅದರ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಮ್ಮ, ನಾನು, ನನ್ನ ತಂಗಿ ಎಲ್ಲರೂ ಸವಾರಿ ಮಾಡಿದ್ದೀವಿ. ಅಳತೆ ಅನ್ನೋ ಪ್ರಶ್ನೆಯೇ ಇರಲಿಲ್ಲ, ಮನೆಗೆ ಒಂದೇ ಸೈಕಲ್ಲು. ನಮ್ಮಂಥ ಹುಡುಗರು ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡ್ಲು ತುಳಿದೇ ಕಲಿತವರು. ಸೊಂಟ ಒಂದು ಕಡೆ, ತಲೆ ಒಂದು ಕಡೆ. ಮೈಯೇ ಸೈಕಲ್ಲಿಗೆ ಹೊಂದಿಕೊಳ್ಳಬೇಕು ಅನ್ನೋ ಪಾಠ ಅಲ್ಲೇ ಶುರು. ಆ ಪಾಠ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ, ಇವತ್ತು ಮೂರು ಲಕ್ಷ ಕೊಡುವಾಗಲೂ "ಇದು ನನ್ನ ಅಳತೆಯಾ?" ಅಂತ ಕೇಳೋಕೆ ನಮಗೆ ಹೊಳೆಯಲ್ಲ.

ಆ ಉಕ್ಕಿನ ಫ್ರೇಮಿನದ್ದು ಇನ್ನೊಂದು ಗುಣ. ಚರಂಡಿಗೆ ಬಿದ್ರೆ ಫೋರ್ಕ್ ಬಗ್ಗುತ್ತಿತ್ತು. ಬಗ್ಗಿದ್ದು ಕಣ್ಣಿಗೆ ಕಾಣ್ತಿತ್ತು, ತುಳಿದ್ರೆ ಒಂದು ಕಡೆ ಎಳೀತಿತ್ತು. ಊರಿನ ಸೈಕಲ್ ಶಾಪಿನವರು ಕಬ್ಬಿಣದ ಪೈಪು ತೂರಿಸಿ, ಕಾಲು ಕೊಟ್ಟು ಎಳೆದು ನೆಟ್ಟಗೆ ಮಾಡ್ತಿದ್ರು. ನಿಜ ಹೇಳಬೇಕು ಅಂದ್ರೆ ಉಕ್ಕೂ ಹೇಳದೇ ಕೇಳದೇ ಮುರಿಯಬಲ್ಲದು, ಒಳಗಿನಿಂದ ತುಕ್ಕು ಹಿಡಿದ್ರಂತೂ ಕೇಳೋದೇ ಬೇಡ. ಆದ್ರೆ ಬಹಳ ಸಲ ಅದು ಮುರಿಯೋಕೆ ಮುಂಚೆ ಬಗ್ಗುತ್ತೆ, ಬಿರುಕು ಬಿಟ್ರೆ ಕಿರುಗುಟ್ಟುತ್ತೆ, ಬಣ್ಣ ಎದ್ದು ಬರುತ್ತೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ ಅದರ ಎರರ್ ಲಾಗ್ ಹೊರಗೇ ಪ್ರಿಂಟ್ ಆಗುತ್ತೆ.

ಯೂರೋಪಿನಲ್ಲಿ ರೇಸಿನವರು ಅದೇ ಉಕ್ಕನ್ನ ತೆಳ್ಳಗೆ ಮಾಡ್ತಾ ಹೋದ್ರು. ಇಂಗ್ಲೆಂಡಿನ ರೇನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಅನ್ನೋ ಮಿಶ್ರಲೋಹದ ಕೊಳವೆಗಳು ದಶಕಗಟ್ಟಲೆ ರೇಸ್ ಸೈಕಲ್ಲುಗಳ ಬೆನ್ನೆಲುಬಾಗಿದ್ವು. ಆ ಕಾಲದಲ್ಲಿ ಫ್ರೇಮ್ ಕಟ್ಟೋನು ಒಂಥರಾ ದರ್ಜಿ. ಕೊಳವೆಗಳನ್ನ ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ, ಲಗ್ ಅನ್ನೋ ತೋಳುಗಳಿಗೆ ತೂರಿಸಿ ಬೆಸೆಯೋದು. 54 ಸೆಂಟಿಮೀಟರ್ ಬೇಕಾ, 55 ಬೇಕಾ, 55ಕ್ಕೆ ಸ್ವಲ್ಪ ಕಮ್ಮಿ ಬೇಕಾ, ಎಲ್ಲಾ ಆಗ್ತಿತ್ತು. ಸವಾರನನ್ನ ಅಳೆದು ಫ್ರೇಮ್ ಕಟ್ಟೋದೇ ದೊಡ್ಡ ರೇಸಿನವರ ಪದ್ಧತಿ. ಅಳೆಯೋದಕ್ಕೆ ಸೂತ್ರಗಳೂ ಹುಟ್ಟಿದ್ವು. ಫ್ರಾನ್ಸಿನ ಕೋಚ್ ಸಿರಿಲ್ ಗಿಮಾರ್ ಬಳಸ್ತಿದ್ದ, ಅವನ ಶಿಷ್ಯ ಗ್ರೆಗ್ ಲೆಮಾಂಡ್ ಪುಸ್ತಕದಲ್ಲಿ ಬರೆದು ಜಗತ್ತಿಗೆಲ್ಲ ಹಬ್ಬಿಸಿದ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ: ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲದವರೆಗೆ ಅಳೆದು, ಅದನ್ನ 0.883ರಿಂದ ಗುಣಿಸಿ. ಒಳಗಾಲಿನ ಅಳತೆ 80 ಸೆಂಟಿಮೀಟರ್ ಇದ್ರೆ ಸೀಟಿನ ಎತ್ತರ ಸುಮಾರು 70.6 ಸೆಂಟಿಮೀಟರ್, ಪೆಡಲ್ ತಿರುಗೋ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ. ಎಲ್ಲರಿಗೂ ಮಿಲಿಮೀಟರ್ ಲೆಕ್ಕದಲ್ಲಿ ಒಪ್ಪುತ್ತೆ ಅಂತಲ್ಲ, ಆದ್ರೆ ಶುರು ಮಾಡೋಕೆ ಒಂದು ಜಾಗ.

ಈಗ ಸ್ವಲ್ಪ ಹೊತ್ತು ಸೈಕಲ್ ಬಿಟ್ಟು ಕಾರ್ಬನ್ ಕಡೆಗೆ ಹೋಗೋಣ. ಎಡಿಸನ್ 1879ರ ಹೊತ್ತಿಗೆ ಬಲ್ಬಿನ ತಂತಿಗಾಗಿ ಹತ್ತಿ ದಾರವನ್ನ, ಆಮೇಲೆ ಬಿದಿರಿನ ಎಳೆಯನ್ನ ಸುಟ್ಟು ಇದ್ದಿಲಾಗಿಸಿದ್ದ. ಅದೂ ಒಂದು ಲೆಕ್ಕದಲ್ಲಿ ಕಾರ್ಬನ್ ಎಳೆಯೇ, ಆದ್ರೆ ಗಟ್ಟಿತನ ಇರಲಿಲ್ಲ. 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಪ್ರಯೋಗಾಲಯದಲ್ಲಿ ರೋಜರ್ ಬೇಕನ್ ಅಸಾಧಾರಣ ಬಲದ ಕಾರ್ಬನ್ ಎಳೆಗಳನ್ನ ಕಂಡ. 1960ರ ದಶಕದ ಆರಂಭದಲ್ಲಿ ಜಪಾನಿನ ಅಕಿಯೋ ಶಿಂದೋ, ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಲಿಯಂ ವಾಟ್ ತಂಡ, ಇಬ್ಬರೂ ಬೇರೆಬೇರೆಯಾಗಿ ಅಕ್ರಿಲಿಕ್ ದಾರವನ್ನ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ಎಳೆ ಮಾಡೋ ದಾರಿ ತೆರೆದರು. ಜಪಾನಿನ ಟೋರೆ ಕಂಪನಿ 1971ರಲ್ಲಿ ವ್ಯಾಪಾರಕ್ಕೆ ಇಳಿಸಿತು. ಒಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು. ಎಳೆಯ ಉದ್ದಕ್ಕೆ ಎಳೆದ್ರೆ ಉಕ್ಕಿಗೆ ಸರಿಸಾಟಿ ಬಿಗಿ, ತೂಕ ಉಕ್ಕಿನ ಕಾಲು ಭಾಗಕ್ಕಿಂತ ಕಡಿಮೆ.

ಇಷ್ಟೊಳ್ಳೆ ವಸ್ತು ಸಿಕ್ಕ ಮೇಲೆ ವಿಮಾನದವರು ಸುಮ್ಮನಿರ್ತಾರಾ? ರೋಲ್ಸ್ ರಾಯ್ಸ್ ತನ್ನ ಆರ್‌ಬಿ211 ಎಂಜಿನ್ನಿನ ಫ್ಯಾನ್ ರೆಕ್ಕೆಗಳನ್ನ ಕಾರ್ಬನ್‌ನಲ್ಲೇ ಮಾಡಿತು. ಉಳಿದ ಪರೀಕ್ಷೆಗಳು ಪಾಸಾದ್ವು. 1970ರ ಮೇ ತಿಂಗಳಲ್ಲಿ ಹಕ್ಕಿ ಡಿಕ್ಕಿಯ ಪರೀಕ್ಷೆ. ತಿರುಗ್ತಿದ್ದ ಫ್ಯಾನಿಗೆ ಸತ್ತ ಕೋಳಿಯನ್ನ ವೇಗವಾಗಿ ಹೊಡೆದಾಗ ರೆಕ್ಕೆಗಳು ಪುಡಿಪುಡಿ. ಕಂಪನಿ ಟೈಟೇನಿಯಂಗೆ ವಾಪಸ್ ಹೋಗಬೇಕಾಯ್ತು. ಆ ಎಂಜಿನ್ನಿನ ಒಟ್ಟು ಖರ್ಚು ತಾಳಲಾರದೆ 1971ರ ಫೆಬ್ರವರಿಯಲ್ಲಿ ರೋಲ್ಸ್ ರಾಯ್ಸ್ ದಿವಾಳಿಯಾಗಿ, ಸರ್ಕಾರ ಅದನ್ನ ವಹಿಸಿಕೊಂಡಿತು. ಎಳೆಯ ಉದ್ದಕ್ಕೆ ಎಳೆದ್ರೆ ಕಾರ್ಬನ್ ರಾಜ, ಅಡ್ಡಕ್ಕೆ ಹೊಡೆದ್ರೆ ಕಥೆ ಬೇರೆ. ಸೈಕಲ್ ಲೋಕಕ್ಕೆ ಕಾರ್ಬನ್ ಬರೋ ಮುಂಚೆಯೇ ಈ ಪಾಠ ದೊಡ್ಡ ಬೆಲೆ ತೆತ್ತು ಕಲಿತದ್ದಾಗಿತ್ತು.

ಸೈಕಲ್ಲಿಗೆ ಅದು ಬಂದದ್ದು 1970ರ ದಶಕದ ನಡುವಿನಲ್ಲಿ, ಎಣ್ಣೆ ಕಂಪನಿ ಎಕ್ಸಾನ್ ತಂದ ಗ್ರಾಫ್‌ಟೆಕ್ ಅನ್ನೋ ಸೈಕಲ್ಲಿನ ಮೂಲಕ. ಅಲ್ಯೂಮಿನಿಯಂ ಕೊಳವೆಗೆ ಕಾರ್ಬನ್ ಸುತ್ತಿ, ಲೋಹದ ಲಗ್ಗುಗಳಿಗೆ ಅಂಟಿಸಿದ್ರು. ನಿಜವಾದ ತಿರುವು ಅಂದ್ರೆ 1986. ಫ್ರಾನ್ಸಿನ ಲುಕ್ ಕಂಪನಿ ಮೊದಲು ಮಾಡ್ತಿದ್ದದ್ದು ಹಿಮದ ಸ್ಕೀಗೆ ಬೂಟು ಹಿಡಿಯೋ ಕೊಂಡಿ, ಬಿದ್ರೆ ತಾನೇ ಕಳಚಿಕೊಳ್ಳೋ ಅಂಥದ್ದು. ಅದೇ ತಂತ್ರದಿಂದ ಬಂತು ಪಾದ ಹಿಡಿದಿಟ್ಟು ಬೇಕಾದಾಗ ಬಿಡೋ ಪೆಡಲ್. ಅದೇ ಕಂಪನಿಯ ಕಾರ್ಬನ್ ಫ್ರೇಮ್ ಕೆಜಿ86 ಮೇಲೆ ಆ ವರ್ಷದ ಟೂರ್ ಡಿ ಫ್ರಾನ್ಸ್‌ನಲ್ಲಿ ಬರ್ನಾರ್ ಇನೋ ಮತ್ತು ಲೆಮಾಂಡ್ ಓಡಿದ್ರು, ಲೆಮಾಂಡ್ ಗೆದ್ದ. ಟೂರ್ ಗೆದ್ದ ಮೊದಲ ಅಮೆರಿಕನ್ನನೂ ಅವನೇ.

ಆ ಫ್ರೇಮು ನೋಡೋಕೆ ಹಳೇ ಉಕ್ಕಿನ ಫ್ರೇಮಿನ ಹಾಗೇ ಇತ್ತು, ಕೊಳವೆ ಮಾತ್ರ ಕಾರ್ಬನ್, ಸೇರಿಸೋ ಲಗ್ಗು ಅಲ್ಯೂಮಿನಿಯಂ, ನಡುವೆ ಅಂಟು. ಈ ಬಗೆಯ ಫ್ರೇಮುಗಳಲ್ಲಿ ಒಂದು ಹೊಸ ತೊಂದರೆ ಕಾಣಿಸ್ತು. ಕಾರ್ಬನ್ನು ವಿದ್ಯುತ್ ಹರಿಸುತ್ತೆ. ಅಲ್ಯೂಮಿನಿಯಂ ಜೊತೆ ಉಪ್ಪು ಬೆವರು, ಮಳೆನೀರು ಸೇರಿದ್ರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಕೊರೆದುಹೋಗುತ್ತೆ, ಅಂಟು ಬಿಡುತ್ತೆ. ಹೊರಗಿನಿಂದ ನೋಡಿದ್ರೆ ಫ್ರೇಮ್ ಫಳಫಳ ಹೊಳೀತಿರುತ್ತೆ. ಆಮೇಲೆ ನಡುವೆ ಗಾಜಿನೆಳೆಯ ತೆಳು ಪದರ ಹಾಕಿ ಎರಡನ್ನೂ ಬೇರ್ಪಡಿಸೋದನ್ನ ಕಲಿತರು. 1986ರಲ್ಲೇ ಕ್ಯಾಲಿಫೋರ್ನಿಯಾದ ಕೆಸ್ಟ್ರೆಲ್ ಕಂಪನಿ ಲಗ್ಗುಗಳೇ ಇಲ್ಲದ, ಇಡೀ ಕಾರ್ಬನ್ನಿನ 4000 ಅನ್ನೋ ಫ್ರೇಮ್ ತಂದಿತು. ಮರುವರ್ಷ ತೈವಾನಿನ ಜೈಂಟ್ ಕಂಪನಿ ಕ್ಯಾಡೆಕ್ಸ್ 980 ಸಿ ಮೂಲಕ ಕಾರ್ಬನ್ನನ್ನ ದೊಡ್ಡ ಸಂಖ್ಯೆಯಲ್ಲಿ ಮಾಡೋಕೆ ಹೊರಟಿತು.

ಇಂಥ ಫ್ರೇಮು ಹೇಗೆ ತಯಾರಾಗುತ್ತೆ ಅಂತ ಗೊತ್ತಾದ್ರೆ ಮುಂದಿನ ಕಥೆ ಸುಲಭ. ಅಂಟು ಹೀರಿಸಿದ ಕಾರ್ಬನ್ ಬಟ್ಟೆಯನ್ನ ನೂರಾರು ಚೂರುಗಳಾಗಿ ಕತ್ತರಿಸ್ತಾರೆ. ಒಂದೊಂದು ಚೂರಿನಲ್ಲಿ ಎಳೆಗಳು ಒಂದೊಂದು ದಿಕ್ಕಿಗೆ. ಉದ್ದಕ್ಕೆ ಬಿಗಿ ಬೇಕಾದ ಕಡೆ ಉದ್ದಕ್ಕೆ, ತಿರುಚಿದಾಗ ತಡೆಯಬೇಕಾದ ಕಡೆ 45 ಡಿಗ್ರಿಗೆ. ಕೆಲಸಗಾರರು, ಅದರಲ್ಲೂ ಬಹುಪಾಲು ತೈವಾನ್ ಮತ್ತು ಚೀನಾದವರು, ಕೈಯಿಂದ ಪದರದ ಮೇಲೆ ಪದರ ಜೋಡಿಸ್ತಾರೆ. ಅದನ್ನ ಲೋಹದ ಅಚ್ಚಿನಲ್ಲಿಟ್ಟು, ಒಳಗೆ ಗಾಳಿಚೀಲ ಉಬ್ಬಿಸಿ, ಬೇಯಿಸಿದ್ರೆ ಫ್ರೇಮ್ ರೆಡಿ. ಮೇಲೆ ಬಣ್ಣ ಹೊಡೆದ ಮೇಲೆ ಒಳಗಿನ ಪದರ ಯಾವ ದಿಕ್ಕಿಗಿದೆ, ಎಲ್ಲಿ ಸುಕ್ಕಾಗಿದೆ, ಎಲ್ಲಿ ಗಾಳಿಗುಳ್ಳೆ ಉಳಿದಿದೆ ಅಂತ ಹೊರಗಿನಿಂದ ಹೇಳೋ ಹಾಗಿಲ್ಲ. ಸೋರ್ಸ್ ಕೋಡ್ ಇಲ್ಲದ ಬೈನರಿ ಅಂತೀವಲ್ಲ, ಅದೇ ಥರ. ಹಾಗಾಗಿಯೇ ಎರಡು ಫ್ರೇಮುಗಳ ಮೇಲೆ ಒಂದೇ ದರ್ಜೆಯ ಕಾರ್ಬನ್ ಹೆಸರು ಬರೆದಿದ್ರೂ ಎರಡೂ ಒಂದೇ ಅಲ್ಲ.

ಅಚ್ಚು ಬಂದಿದ್ದರಿಂದ ಎರಡು ಪರಿಣಾಮ ಆಯ್ತು. ಮೊದಲನೆಯದು, ಕೊಳವೆ ದುಂಡಗೇ ಇರಬೇಕು ಅನ್ನೋ ಕಟ್ಟು ಹೋಯ್ತು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಏರಿದ ಲೋಟಸ್ 108 ಸೈಕಲ್ಲಿನಲ್ಲಿ ಕೊಳವೆ, ತ್ರಿಕೋನ ಎರಡೂ ಇರಲಿಲ್ಲ, ವಿಮಾನದ ರೆಕ್ಕೆಯಂಥ ಒಂದೇ ಎರಕ. ಮೂಲ ವಿನ್ಯಾಸ ಇಂಗ್ಲೆಂಡಿನ ಮೈಕ್ ಬರೋಸ್‌ದು. 4000 ಮೀಟರ್ ಪರ್ಸ್ಯೂಟ್ ಫೈನಲ್ಲಿನಲ್ಲಿ ಬೋರ್ಡ್‌ಮನ್ ಎದುರಾಳಿಯನ್ನ ಹಿಂದಿನಿಂದ ಬಂದು ಹಿಡಿದೇಬಿಟ್ಟ. ಸೈಕ್ಲಿಂಗಿನಲ್ಲಿ ಬ್ರಿಟನ್ನಿಗೆ 72 ವರ್ಷಗಳ ನಂತರ ಬಂದ ಚಿನ್ನ ಅದು. ಎರಡನೆಯದು, ದರ್ಜಿ ಕೆಲಸ ಮುಗೀತು. ಪ್ರತಿ ಅಳತೆಗೂ ಬೇರೆ ಲೋಹದ ಅಚ್ಚು ಬೇಕು, ಅಚ್ಚು ದುಬಾರಿ. 55ಕ್ಕೆ ಸ್ವಲ್ಪ ಕಮ್ಮಿ ಬೇಕು ಅಂದ್ರೆ ಯಾರೂ ಕೇಳಲ್ಲ.

ಅದೇ ಬರೋಸ್ ಆಮೇಲೆ ಜೈಂಟ್ ಕಂಪನಿಗೆ ಕೆಲಸ ಮಾಡಿ, 1990ರ ದಶಕದ ಕೊನೆಗೆ ಟಿಸಿಆರ್ ಅನ್ನೋ ಸೈಕಲ್ ಕೊಟ್ಟ. ಮೊದಲು ಅಲ್ಯೂಮಿನಿಯಂನಲ್ಲಿ, ಮುಂದೆ ಕಾರ್ಬನ್‌ನಲ್ಲಿ. ಮೇಲಿನ ಕೊಳವೆ ನೆಲಕ್ಕೆ ಸಮನಾಗಿರದೆ ಹಿಂದಕ್ಕೆ ಇಳಿಜಾರು. ಫ್ರೇಮ್ ಚಿಕ್ಕದು, ಬಿಗಿ. ಸೀಟಿನ ಕಂಬ ಉದ್ದಕ್ಕೆ ಎಳೆದು, ಹ್ಯಾಂಡಲ್ಲಿನ ಕುತ್ತಿಗೆ ಬದಲಿಸಿ ಹೊಂದಿಸಿಕೊಳ್ಳಬಹುದು. ಆಗ ಎಷ್ಟು ಅಳತೆ ಮಾಡಿದ್ರು ಗೊತ್ತಾ? ಸ್ಮಾಲ್, ಮೀಡಿಯಂ, ಲಾರ್ಜ್, ಅಷ್ಟೇ ಮೂರು. ಟೀ ಶರ್ಟಿನ ಲೆಕ್ಕ. ಇವತ್ತು ನೀವು ನೋಡೋ ಬಹುತೇಕ ಕಾರ್ಬನ್ ಸೈಕಲ್ಲುಗಳಿಗೆ ಈ ಇಳಿಜಾರು ಇಲ್ಲಿಂದ ಹರಡಿದ್ದು. ಜಾಣ ವಿನ್ಯಾಸ, ಸುಳ್ಳಲ್ಲ. ಆದ್ರೆ ಸೀಟುಕೊಳವೆಯ ಉದ್ದ ಅಳೆದು "ನಂದು 54" ಅನ್ನೋ ಹಳೇ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ. ಒಂದು ಕಂಪನಿಯ 54 ಇನ್ನೊಂದು ಕಂಪನಿಯ 52ರ ಹಾಗಿರುತ್ತೆ.

ಇದಕ್ಕೆ ಮದ್ದು ಕೊಟ್ಟವನು ಅಮೆರಿಕದ ಡ್ಯಾನ್ ಎಂಪ್‌ಫೀಲ್ಡ್. ಅವನು ಚಾಲ್ತಿಗೆ ತಂದ ಎರಡು ಅಂಕಿಗಳು ಸ್ಟ್ಯಾಕ್ ಮತ್ತು ರೀಚ್. ಪೆಡಲ್ ಅಚ್ಚಿನ ಮಧ್ಯದಿಂದ ಹ್ಯಾಂಡಲ್ ಕೂರೋ ಕೊಳವೆಯ ಮೇಲ್ತುದಿಯವರೆಗೆ ನೆಟ್ಟಗೆ ಮೇಲಕ್ಕೆ ಅಳೆದ್ರೆ ಸ್ಟ್ಯಾಕ್, ಅಡ್ಡಕ್ಕೆ ಅಳೆದ್ರೆ ರೀಚ್. ಸೈಕಲ್ ಎಷ್ಟು ಎತ್ತರ, ಎಷ್ಟು ಉದ್ದ ಅನ್ನೋದು ಈ ಎರಡರಲ್ಲಿ ಸಿಗುತ್ತೆ, ಯಾವ ಕಂಪನಿಯದ್ದೇ ಆದ್ರೂ ಹೋಲಿಸಬಹುದು. ಕುಳ್ಳಗಿರೋರ ಕಷ್ಟವನ್ನ ಇನ್ನೂ ಮೊದಲೇ ಕಂಡವಳು ಜಾರ್ಜಿನಾ ಟೆರ್ರಿ ಅನ್ನೋ ಮೆಕ್ಯಾನಿಕಲ್ ಎಂಜಿನಿಯರ್. ಫ್ರೇಮ್ ಚಿಕ್ಕದು ಮಾಡಿ ಚಕ್ರ ಹಾಗೇ ದೊಡ್ಡದಿಟ್ರೆ ತಿರುವಿನಲ್ಲಿ ಪಾದದ ತುದಿ ಮುಂದಿನ ಚಕ್ರಕ್ಕೆ ತಾಗುತ್ತೆ. 1985ರಲ್ಲಿ ಅವಳು ಹೆಂಗಸರಿಗಾಗಿ ಶುರು ಮಾಡಿದ ಕಂಪನಿಯ ಚಿಕ್ಕ ಫ್ರೇಮುಗಳಿಗೆ ಮುಂದಿನ ಚಕ್ರವನ್ನೇ 24 ಇಂಚಿಗೆ ಇಳಿಸಿದಳು. ಐದಡಿ ಒಂದೆರಡು ಇಂಚಿನ ನಮ್ಮ ಹೆಣ್ಣುಮಕ್ಕಳು ಇವತ್ತು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನ ಅವಳು ನಲವತ್ತು ವರ್ಷದ ಹಿಂದೆಯೇ ಕೇಳಿದ್ದಳು.

ಅಳತೆ ಅಂದ್ರೆ ಬರೀ ಆರಾಮದ ವಿಷಯ ಅಂದ್ಕೋಬೇಡಿ. ನನ್ನ ಸಹೋದ್ಯೋಗಿ ಒಬ್ಬ ಆಫರಿನಲ್ಲಿ ಸಿಕ್ತು ಅಂತ ತನಗಿಂತ ಒಂದು ಅಳತೆ ಚಿಕ್ಕ ಕಾರ್ಬನ್ ಸೈಕಲ್ ತಗೊಂಡ. ಸೀಟು ಎತ್ತರ ಸಾಲದೆ ಕಂಬವನ್ನ ಕನಿಷ್ಠ ಗುರುತು ದಾಟಿಸಿ ಮೇಲಕ್ಕೆ ಎಳೆದಿದ್ದ. ಒಳಗೆ ಉಳಿದ ಹಿಡಿತ ಎರಡು ಬೆರಳಷ್ಟು, ಹೊರಗೆ ಇಡೀ 82 ಕೆಜಿ. ಸನ್ನೆಕೋಲಿನ ಲೆಕ್ಕ ಹೈಸ್ಕೂಲಿನದ್ದೇ. ಎಂಟು ತಿಂಗಳಿಗೆ ಫ್ರೇಮಿನ ಕತ್ತಿನಲ್ಲಿ ಕೂದಲೆಳೆಯ ಬಿರುಕು. ಅದೃಷ್ಟ, ಸೈಕಲ್ ತೊಳೆಯುವಾಗ ಕಂಡಿತು. ಹಾಗೇ, ಮುಂಭಾಗ ತಗ್ಗು ಅಂತ ಹ್ಯಾಂಡಲ್ ಕೆಳಗೆ ಸ್ಪೇಸರ್ ಬಿಲ್ಲೆಗಳನ್ನ ಪೇರಿಸೋದಕ್ಕೂ ಕಾರ್ಬನ್ ಫೋರ್ಕಿನಲ್ಲಿ ಮಿತಿ ಇರುತ್ತೆ. ಅಳತೆ ತಪ್ಪಿದ್ದನ್ನ ಸರಿ ಮಾಡೋಕೆ ಹೋಗಿ ನಾವು ವಿನ್ಯಾಸಕಾರ ಲೆಕ್ಕ ಹಾಕದ ಭಾರವನ್ನ ತಂದು ಕೂರಿಸ್ತೀವಿ. ಅಳತೆ ಮತ್ತು ಸುರಕ್ಷತೆ ಒಂದೇ ನಾಣ್ಯದ ಎರಡು ಮುಖ ಆಗೋದು ಇಲ್ಲಿ.

ತೂಕದ ಹುಚ್ಚಿಗೆ ಲಗಾಮು ಹಾಕೋ ಪ್ರಯತ್ನವೂ ನಡೀತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 1996ರ ಅಕ್ಟೋಬರ್ 8ರಂದು ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಒಂದು ಸನ್ನದು ಹೊರಡಿಸಿತು. ತಿರುಳು ಇಷ್ಟೇ: ಯಂತ್ರಕ್ಕಿಂತ ಮನುಷ್ಯ ಮುಖ್ಯ. 2000ದಿಂದ ಜಾರಿಗೆ ಬಂದ ನಿಯಮಗಳು ಲೋಟಸ್‌ನಂಥ ಆಕಾರಗಳನ್ನ ಹೊರಗಿಟ್ಟು ಎರಡು ತ್ರಿಕೋನದ ಫ್ರೇಮನ್ನೇ ಉಳಿಸಿದ್ವು, ರೇಸಿನ ಸೈಕಲ್ಲು 6.8 ಕೆಜಿಗಿಂತ ಹಗುರ ಇರಬಾರದು ಅಂದ್ವು. ಅವತ್ತು ಆ ತೂಕ ಮುಟ್ಟೋದೇ ಕಷ್ಟ. ಮುಂದೆ ಎಷ್ಟು ಸುಲಭವಾಯ್ತು ಅಂದ್ರೆ ತಂಡಗಳು ನಿಯಮ ಪಾಲಿಸೋಕೆ ಸೈಕಲ್ಲಿಗೆ ತೂಕ ಸೇರಿಸಿದ್ದೂ ಉಂಟು. ಆದ್ರೆ ಈ ಮಿತಿ ರೇಸಿನವರಿಗೆ ಮಾತ್ರ. ನನಗೂ ನಿಮಗೂ ಅನ್ವಯ ಆಗಲ್ಲ, ನಮಗೆ ಆರು ಕೆಜಿಯದ್ದನ್ನೂ ಮಾರ್ತಾರೆ.

ನಮ್ಮಂಥವರಿಗೆ ಇರೋದು ಪರೀಕ್ಷೆಯ ಮಾನದಂಡಗಳು. ಯೂರೋಪಿನಲ್ಲಿ ರೇಸ್ ಸೈಕಲ್ಲುಗಳಿಗೇ ಇಎನ್ 14781 ಅನ್ನೋ ಮಾನದಂಡ 2005ರಲ್ಲಿ ಬಂತು, 2014ರಲ್ಲಿ ಅದರ ಜಾಗಕ್ಕೆ ಐಎಸ್ಒ 4210. ಅದರಲ್ಲಿ ಫೋರ್ಕಿನ ತುದಿಗೆ 22.5 ಕೆಜಿಯ ಭಾರ ಬೀಳಿಸ್ತಾರೆ. ಪೆಡಲ್ಲುಗಳ ಮೇಲೆ 1100 ನ್ಯೂಟನ್, ಅಂದ್ರೆ ಸುಮಾರು 112 ಕೆಜಿ ತೂಕದಷ್ಟು ಬಲವನ್ನ ಒಂದು ಲಕ್ಷ ಸಲ ಹಾಕ್ತಾರೆ. ಸಮತಟ್ಟು ರಸ್ತೆಯಲ್ಲಿ ನಾವು ಹಾಕೋದು ಅದರ ಕಾಲು ಭಾಗ. ಹಾಗಾಗಿ ಒಳ್ಳೆ ಕಂಪನಿಯ ಹೊಸ ಕಾರ್ಬನ್ ಫ್ರೇಮಿನ ಬಗ್ಗೆ ಹೆದರೋ ಕಾರಣ ಇಲ್ಲ. ತುಳಿದು ತುಳಿದು ಲೋಹ ದಣಿಯೋ ಹಾಗೆ ಅದು ದಣಿಯಲ್ಲ ಕೂಡ. ಆದ್ರೆ ಈ ಪರೀಕ್ಷೆ ನಡೆಯೋದು ಹೊಸ ಫ್ರೇಮಿನ ಮೇಲೆ. ಕಾರಿನ ಹಿಂದಿನ ರ‍್ಯಾಕಿನಲ್ಲಿ ಕೊಳವೆಗೇ ಹಿಡಿಕೆ ಬಿಗಿದು ಮಡಿಕೇರಿಗೆ ಹೋಗಿಬಂದ ಫ್ರೇಮಿನ ಮೇಲಲ್ಲ. ಮೇಲಿನ ಕೊಳವೆಯ ಗೋಡೆ ಕೆಲವು ಕಡೆ ಒಂದು ಮಿಲಿಮೀಟರ್ ಆಸುಪಾಸು. ಉದ್ದಕ್ಕೆ ಬರೋ ಭಾರಕ್ಕೆ ಅಂತ ಮಾಡಿದ್ದು, ಅಡ್ಡಕ್ಕೆ ಹಿಸುಕೋದಕ್ಕಲ್ಲ.

ಕಾರ್ಬನ್ ಒಂದೇ ಖಳನಾಯಕ ಅನ್ನೋದೂ ತಪ್ಪು. 2006ರ ಪ್ಯಾರಿಸ್ ರೂಬೆ ರೇಸಿನಲ್ಲಿ ಜಾರ್ಜ್ ಹಿಂಕೇಪಿ ಕಲ್ಲುಹಾಸಿನ ಮೇಲೆ ಓಡ್ತಿದ್ದಾಗ ಹ್ಯಾಂಡಲ್ಲೇ ಕಳಚಿ ಕೈಗೆ ಬಂತು, ಕೆಳಗೆ ಬಿದ್ದು ಭುಜಕ್ಕೆ ಪೆಟ್ಟಾಯ್ತು. ಮುರಿದದ್ದು ಫೋರ್ಕಿನ ಅಲ್ಯೂಮಿನಿಯಂ ಕೊಳವೆ. ಅದೇ ರೇಸಿನಲ್ಲಿ ಸ್ವಲ್ಪ ಹೊತ್ತಿಗೆ ಮುಂಚೆ ಅವನು ಒಮ್ಮೆ ಬಿದ್ದಿದ್ದ. 2021ರ ಮಾರ್ಚ್ 2ರಂದು ಬೆಲ್ಜಿಯಂನ ಲೆ ಸಮಿನ್ ರೇಸಿನಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್‌ನ ಕಾರ್ಬನ್ ಹ್ಯಾಂಡಲ್ಲಿನ ಒಂದು ಕಡೆ ಮುರಿದು ಜೋತಾಡಿತು, ಅವನು ಹಾಗೇ ರೇಸ್ ಮುಗಿಸಿದ. ಆಮೇಲೆ ಕ್ಯಾನ್ಯನ್ ಕಂಪನಿ ಆ ಮಾದರಿಯ ಹೊಸ ಏರೋಡ್ ಕೊಂಡವರಿಗೆಲ್ಲ, ಸದ್ಯಕ್ಕೆ ಸೈಕಲ್ ಹತ್ತಬೇಡಿ ಅಂತ ಹೇಳಿತು. ಜಗತ್ತಿನ ಅತ್ಯುತ್ತಮ ಮೆಕ್ಯಾನಿಕ್ಕುಗಳು ದಿನಾ ನೋಡೋ ಸೈಕಲ್ಲುಗಳಲ್ಲೇ ಹೀಗಾಗುತ್ತೆ ಅಂದ್ರೆ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸೋ ನಮ್ಮ ಕಥೆ ಯೋಚಿಸಿ.

ಇದೇ ವಸ್ತುವನ್ನ ಹೇಗೆ ನಂಬಬೇಕು ಅನ್ನೋದಕ್ಕೆ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. 2001ರ ಜನವರಿ 4ರಂದು ಇಲ್ಲಿಂದ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಶೇಕಡ ಕಾಂಪೋಸಿಟ್, ಅದರಲ್ಲಿ ಮುಖ್ಯವಾದದ್ದು ಕಾರ್ಬನ್. ಅದರ ಭಾಗಗಳನ್ನ ರೂಪಿಸೋದರಲ್ಲಿ ನಮ್ಮ ಎನ್ಎಎಲ್ ಪಾತ್ರ ದೊಡ್ಡದು. ವಿಮಾನದವರಿಗೆ ಒಂದು ಮಾತಿದೆ, ಕಣ್ಣಿಗೆ ಕಂಡೂ ಕಾಣದ ಪೆಟ್ಟು. ಸ್ಪ್ಯಾನರ್ ಕೈಜಾರಿ ಬಿದ್ರೂ ಮೇಲೆ ಗೀರು ಮಾತ್ರ ಕಾಣುತ್ತೆ, ಒಳಗೆ ಪದರಗಳು ಬೇರ್ಪಟ್ಟಿರಬಹುದು. ಅದಕ್ಕೇ ಅವರು ಅಲ್ಟ್ರಾಸೌಂಡ್ ಹಿಡಿದು ಒಳಗೆ ನೋಡ್ತಾರೆ, ಬರೆದಿಡ್ತಾರೆ, ಮತ್ತೆ ನೋಡ್ತಾರೆ. ಸೈಕಲ್ಲು ವಿಮಾನದಿಂದ ವಸ್ತುವನ್ನ ತಗೊಂಡಿತು, ತಪಾಸಣೆಯ ಅಭ್ಯಾಸವನ್ನ ಅಲ್ಲೇ ಬಿಟ್ಟು ಬಂತು.

ಹಾಗಂತ ಭಾರದ ಸೈಕಲ್ಲಿಗೆ ವಾಪಸ್ ಹೋಗಿ ಅಂತ ನಾನು ಹೇಳ್ತಿಲ್ಲ. ನಾನು ಓಡಿಸೋದೂ ಕಾರ್ಬನ್ನೇ, ಬೆಟ್ಟ ಹತ್ತುವಾಗ ಅದರ ಸುಖ ನನಗೂ ಗೊತ್ತು. ಕೊಳ್ಳೋಕೆ ಹೋದಾಗ ಸೈಕಲ್ ಎತ್ತೋ ಮುಂಚೆ ಒಳಗಾಲು ಅಳೆಸಿಕೊಳ್ಳಿ, ಈಗ ಓಡಿಸೋ ಸೈಕಲ್ಲಿನ ಸ್ಟ್ಯಾಕ್, ರೀಚ್ ಬರೆದುಕೊಂಡು ಹೋಗಿ ಹೋಲಿಸಿ. ನಿಮ್ಮ ಅಳತೆ ಸ್ಟಾಕ್ ಇಲ್ಲ ಅಂದ್ರೆ ಎಷ್ಟೇ ರಿಯಾಯಿತಿ ಕೊಟ್ರೂ ಬೇಡ ಅನ್ನಿ. ಟಾರ್ಕ್ ರೆಂಚ್ ಒಂದು ಇಟ್ಕೊಳ್ಳಿ, ಹ್ಯಾಂಡಲ್ಲಿನ ಮೇಲೇ 5 ನ್ಯೂಟನ್ ಮೀಟರ್ ಅಂತಲೋ ಎಷ್ಟೋ ಬರೆದಿರುತ್ತೆ, ಕೈಯಂದಾಜು ಅಲ್ಲಿ ಬೇಡ. ಸೆಕೆಂಡ್‌ಹ್ಯಾಂಡ್ ಫ್ರೇಮ್ ಕೊಳ್ಳೋರು ಚಿತ್ರ ನೋಡಿ ದುಡ್ಡು ಹಾಕಬೇಡಿ. ಬಿದ್ರೆ, ಮೈಗೆ ಏನೂ ಆಗದಿದ್ರೂ, ಸೈಕಲ್ ಒರೆಸಿ ಬೆಳಕಿನಲ್ಲಿ ನೋಡಿ. ನಾಣ್ಯದಿಂದ ಕೊಳವೆ ಉದ್ದಕ್ಕೂ ಮೆಲ್ಲಗೆ ತಟ್ಟಿ. ಎಲ್ಲಾ ಕಡೆ ಟಣಟಣ ಅನ್ನೋದು ಒಂದು ಕಡೆ ಮಂಕಾಗಿ ಕೇಳಿದ್ರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಸದ್ದು ಸರಿಯಿದೆ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಪೆಟ್ಟು ಜೋರಾಗಿದ್ರೆ ಆಗಲೂ ತೋರಿಸಿ. ಸೈಕಲ್ ಜೊತೆ ಬರೋ ಕೈಪಿಡಿಯಲ್ಲಿ ಈ ಮಾತು ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಡಬ್ಬ ಬಿಚ್ಚಿದ ದಿನ ಅದನ್ನ ಯಾರೂ ಓದಲ್ಲ. ಒಂದು ಭಾನುವಾರ ಮಳೆ ಬಂದು ರೈಡ್ ತಪ್ಪಿದಾಗ ತೆಗೆದು ಓದಿ.